ಎಡಗೈಗೆ ಬಂದ ಕರೆ

ಒನಕೆ ಒರಳಿಗೆ ಬಿದ್ದು ಮತ್ತೆ ಮೇಲೇಳುವಷ್ಟರಲ್ಲಿ ಫೊರಿವಾಳ ಕೈ ಒಳಗೆ ಹೋಗಿ, ಬೆಂದ ಮರಗೆಣಸು ಬಾಳೆಕಾಯಿಯ ಮುದ್ದೆಯನ್ನು ಮಗುಚಿ, ಒಂದಿಷ್ಟು ನೀರು ಸವರಿ, ಹೊರಗೆ ಬಂದುಬಿಡುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ಹೀಗೇ ನಡೆದುಬಂದಿತ್ತು: ಬೆಳಗಿನ ಹನ್ನೊಂದರ ಹೊತ್ತಿಗೆ ಪೊಕುವಾ ಕುಮಾಸಿ ನಗರದ ಅದುಮ್ ಬೀದಿಯ ತನ್ನ ಫೋನಿನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಎರಡು ಮಳಿಗೆ ದಾಟಿ, ಹಿಂಬದಿಯಲ್ಲಿದ್ದ ಫೊರಿವಾಳ ಊಟದ ಚಪ್ಪರಕ್ಕೆ ಬಂದು ಒನಕೆ ಹಿಡಿಯುತ್ತಿದ್ದಳು. ಅದಕ್ಕೆ ಪ್ರತಿಯಾಗಿ ಸಿಗುತ್ತಿದ್ದದ್ದು ಮಧ್ಯಾಹ್ನಕ್ಕೆ ಒಂದು ಬಟ್ಟಲು ಫುಫು, ಅಂದರೆ ಇದೇ ಮುದ್ದೆ, ಮೇಲೆ ಕಾರದ ಸಾರು, ಮತ್ತು ಅರ್ಧ ಗಂಟೆ ಏನನ್ನೂ ಯೋಚಿಸದೆ ಇರುವ ಸುಖ. ಆ ಸುಖ ಹೋಗಿ ಹತ್ತಿರಹತ್ತಿರ ವರ್ಷವಾಗಿತ್ತು. ಒನಕೆ ಬಿದ್ದ ಪ್ರತಿ ಸಲವೂ ಎಡ ಮಣಿಕಟ್ಟಿನ ಸ್ಮಾರ್ಟ್ ವಾಚು ಅದನ್ನೊಂದು ಹೆಜ್ಜೆ ಎಂದೇ ತಿಳಿದು ಎಣಿಸಿಕೊಳ್ಳುತ್ತಿತ್ತು. ನಿಂತ ಕಾಲಲ್ಲೇ ನಿಂತ ಹೆಂಗಸನ್ನು ಅದು ದಿನವೂ ಎಲ್ಲಿಂದೆಲ್ಲಿಗೋ ನಡೆಸಿಬಿಡುತ್ತಿತ್ತು. ಮೊದಮೊದಲು ಇದೇ ಅವರಿಬ್ಬರಿಗೂ ದೊಡ್ಡ ತಮಾಷೆ. ಎಲ್ಲಿಗೆ ತಲುಪಿದೆ ಇವತ್ತು, ಎಜಿಸು ಊರು ದಾಟಿದೆಯೋ ಇಲ್ಲವೋ ಎಂದು ಫೊರಿವಾ ಕೇಳುವಳು. ದಾಟಿ ಕಾಲು ನೋಯುತ್ತಿದೆ, ಸ್ಟೂಲು ಕೊಡು ಎಂದು ಪೊಕುವಾ ಹೇಳುವಳು. ಈಗಲೂ ಫೊರಿವಾ ಅಭ್ಯಾಸಕ್ಕೆ ಕೇಳುತ್ತಾಳೆ. ಪೊಕುವಾ ಹೂಂ ಅನ್ನುತ್ತಾಳೆ.

ಆಗ ವಾಚು ಒಂದು ಸಲ ನಡುಗಿತು. ಒನಕೆ ಮೇಲಿತ್ತು. ಆ ನಡುಕ ಮಣಿಕಟ್ಟಿನಿಂದ ಮೊಣಕೈಗೆ, ಅಲ್ಲಿಂದ ಕಂಕುಳಿಗೆ ಏರಿದಂತಾಗಿ ಅವಳ ಎರಡೂ ಕೈ ಗಾಳಿಯಲ್ಲೇ ಒಂದು ಕ್ಷಣ ನಿಂತವು. ಆಮೇಲೆ ಬಿಟ್ಟಾಗ ತಾಳ ತಪ್ಪಿತ್ತು. ಫೊರಿವಾ ಕೈ ಎಳೆದುಕೊಂಡಳು, ಆದರೂ ನಡುಬೆರಳಿನ ಉಗುರಿನ ಅಂಚು ಸವರಿಹೋಯಿತು. ಅವಳು ಕೂಗಲಿಲ್ಲ. ಬೆರಳನ್ನು ಬಾಯಿಗಿಟ್ಟುಕೊಂಡು, ಅದರ ಪಕ್ಕದಿಂದಲೇ, ‘ನನ್ನ ಕೈ ಅಲ್ಲಿತ್ತು ಕಣೇ,’ ಎಂದಳು. ಸೊಂಟ ಹಿಡಿಯಿತು ಎಂದು ಪೊಕುವಾ ಸುಳ್ಳು ಹೇಳಿದಳು. ವಾಚಿನ ಪುಟ್ಟ ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರುತ್ತಿದ್ದವು. ಇವತ್ತಿನ ಹೆಜ್ಜೆಗಳನ್ನು ಪೂರೈಸಿದ್ದಕ್ಕೆ ಅಭಿನಂದನೆ ಎಂದು ಅದು ಹೇಳುತ್ತಿತ್ತು. ಅಷ್ಟೇ. ಯಾರೂ ಕರೆದಿರಲಿಲ್ಲ.

ಒಂದೇ ಸಲದ ನಡುಕ ಅವಳಿಗೆ ಆಗಿಬರುತ್ತಿರಲಿಲ್ಲ. ಹೋದ ವರ್ಷ ಇದೇ ಚಪ್ಪರದ ಕೆಳಗೆ, ಇದೇ ಬೆಂಚಿನ ಆ ತುದಿಯಲ್ಲಿ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಾಗ ಹೀಗೆಯೇ ಒಂದು ಸಲ ನಡುಗಿ ಸುಮ್ಮನಾಗಿತ್ತು. ಮುದ್ದೆ ಮುರಿಯುತ್ತಿದ್ದ ಬಲಗೈ ಹಾಗೇ ಇರಲು, ಎಡಗೈ ತಿರುಗಿಸಿ ನೋಡಿದ್ದಳು. ಡುಫಿಯೆ ಎಂಬ ಹೆಸರು ಮೂಡಿ ಮಾಯವಾಗುತ್ತಿತ್ತು. ಗಂಟೆ ಎರಡು ದಾಟಿತ್ತು. ತಂಗಿ ಡುಫಿಯೆ ಮಾಂಪೊಂಗ್ ಕಡೆಯ ಊರಿನಲ್ಲಿ ತಾಯಿಯ ಕುಲದ ಮನೆಯಲ್ಲಿದ್ದವಳು, ಉಬ್ಬಸದವಳು. ದಿನಾ ಸಂಜೆ ಆರಕ್ಕೆ ಅಕ್ಕನಿಗೊಂದು ಮಿಸ್ ಕಾಲ್ ಕೊಡುವುದು ಇಬ್ಬರ ನಡುವಿನ ಕಟ್ಟು. ಒಂದೇ ರಿಂಗು, ಎತ್ತಬಾರದು. ಒಂದು ರಿಂಗೆಂದರೆ ಚೆನ್ನಾಗಿದ್ದೇನೆ, ಮದ್ದು ಎಳೆದುಕೊಂಡೆ, ಉಸಿರು ಸಲೀಸಾಗಿದೆ. ಎರಡನೆಯ ರಿಂಗು ಬಂದರೆ ಮಾತಾಡುವುದಿದೆ ಎಂದು ಅರ್ಥ, ಆಗ ಎತ್ತಬೇಕು. ಫೋನಿಗೆ ಹಾಕಿಸುವ ದುಡ್ಡಿಗೆ ಕೈ ಬಿಗಿಹಿಡಿಯುತ್ತಿದ್ದ ಕಾಲದಲ್ಲಿ ಶುರುವಾದದ್ದು, ಆ ಕಾಲ ಹೋದ ಮೇಲೂ ಉಳಿದುಕೊಂಡಿತ್ತು. ಆ ಸದ್ದು ಕೇಳದೆ ಪೊಕುವಾ ಅಂಗಡಿಗೆ ಬೀಗ ಹಾಕಿದವಳಲ್ಲ. ಇವತ್ತು ಬೇಗನೆ ಕೊಟ್ಟಳಲ್ಲ, ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೊರಟಿರಬೇಕು ಎಂದುಕೊಂಡಳು. ಫೊರಿವಾ ಯಾರು ಎಂದು ಕೇಳಿದ್ದಕ್ಕೆ, ತಂಗಿ, ಚೆನ್ನಾಗಿದ್ದಾಳೆ ಎಂದಳು. ಮುದ್ದೆಯ ಮುರಿದ ತುಂಡನ್ನು ಸಾರಿನಲ್ಲಿ ಅದ್ದಿದಳು.

ಆ ಹೊತ್ತಿನಲ್ಲಿ ಫೋನು ಅಂಗಡಿಯ ಖಾನೆಯೊಳಗಿತ್ತು, ಸದ್ದು ಮುಚ್ಚಿಕೊಂಡು. ವಾಚು ಕೊಳ್ಳುವವರಿಗೆ ಅವಳು ಹೇಳುತ್ತಿದ್ದ ಮಾತೇ ಅದು, ಫೋನು ಬಾಯಿ ಮುಚ್ಚಿಕೊಂಡು ಬಿದ್ದಿರಲಿ, ಕೈ ಹೇಳುತ್ತದೆ ಅಂತ. ನಾಲ್ಕು ಜನರೆದುರು ಎಡಗೈ ಎತ್ತಿ ತೋರಿಸಿ ತೋರಿಸಿ ಆ ಮಾತನ್ನು ಅವಳೇ ನಂಬಿಬಿಟ್ಟಿದ್ದಳು. ಅಂಗಡಿಗೂ ಚಪ್ಪರಕ್ಕೂ ನಡುವೆ ಎರಡು ಮಳಿಗೆ, ಒಂದು ಚರಂಡಿ. ವಾಚು ಫೋನಿನ ಮಾತು ಕೇಳಿಸಿಕೊಳ್ಳುವ ಗಡಿ ಸರಿಯಾಗಿ ಆ ಬೆಂಚಿನ ತುದಿಗೇ ಮುಗಿಯುತ್ತಿತ್ತು ಎಂಬುದನ್ನು ಆಮೇಲೆ, ಎಲ್ಲ ಮುಗಿದ ಮೇಲೆ, ಅವಳು ಹೆಜ್ಜೆ ಹೆಜ್ಜೆಯಾಗಿ ಅಳೆದು ನೋಡಿದ್ದಳು. ಬೆಂಚಿನ ಈ ತುದಿಯಲ್ಲಿ ಕೂತಿದ್ದರೆ ಪೂರ್ತಿ ನಡುಗುತ್ತಿತ್ತು. ಚಪ್ಪರದಾಚೆ ಹೋಗಿದ್ದರೆ ನಡುಗುತ್ತಲೇ ಇರಲಿಲ್ಲ. ಆಗ ಸಂಜೆ ಆರಕ್ಕೆ ಮಿಸ್ ಕಾಲ್ ಬಾರದಿದ್ದಾಗಲಾದರೂ ಅವಳು ತಾನೇ ಕರೆ ಮಾಡುತ್ತಿದ್ದಳು. ಆ ಸಂಜೆ ಆರು ಹೊಡೆದಾಗ ಅವಳು ಕಾಯಲೇ ಇಲ್ಲ, ಬರಬೇಕಾದ್ದು ಬಂದಾಗಿತ್ತು. ಬೀಗ ಹಾಕಿ, ದಾರಿಯಲ್ಲಿ ಕಿತ್ತಳೆ ಕೊಂಡು, ಸುಲಿಸಿಕೊಂಡು, ಹೀರುತ್ತಾ ಮನೆಗೆ ಹೋದಳು. ಮರುದಿನ ಬೆಳಗ್ಗೆ ಸೋದರಮಾವನ ಕಡೆಯವರು ಫೋನು ಮಾಡಿ ಡುಫಿಯೆ ಹೋದಳು ಎಂದಾಗಲೇ ಅವಳು ತನ್ನ ಫೋನಿನ ಪರದೆಯನ್ನು ನೆಟ್ಟಗೆ ನೋಡಿದ್ದು. ಎರಡು ಹನ್ನೊಂದು, ಎರಡು ಹದಿಮೂರು, ಎರಡು ಹದಿನಾರು. ಮೂರು ಕರೆ. ಮೂರೂ ಕಡೆಯವರೆಗೆ ಬಡಿದುಕೊಂಡು ನಿಂತಂಥವು.

ಕೈ ತೊಳೆದು ಅಂಗಡಿಗೆ ಬಂದಾಗ ಬಾಗಿಲ ಮುಂದೆ ಒಬ್ಬ ಗಿರಾಕಿ ನಿಂತಿದ್ದ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು. ಬೆಂಪಾ ಎಂದು ಹೆಸರು ಹೇಳಿಕೊಂಡ, ಹೈಸ್ಕೂಲಿನ ಮೇಷ್ಟರಂತೆ. ಅವನಿಗೊಬ್ಬ ಅಕ್ಕ. ಟೆಚಿಮಾನ್ ಸಂತೆಯಿಂದ ಟೊಮೇಟೊ ತಂದು ಮಾರುವವಳು, ರಕ್ತದೊತ್ತಡದವಳು, ಲಾರಿಯ ಮೇಲೆ ಬುಟ್ಟಿಗಳ ನಡುವೆ ಕೂತು ಊರೂರು ತಿರುಗುವವಳು. ಅವಳಿಗೆ ಹೊಸ ಫೋನು ಕೊಡಿಸಲೋ ಸ್ಮಾರ್ಟ್ ವಾಚು ಕೊಡಿಸಲೋ ಎಂದು ಅವನಿಗೆ ಎರಡು ವಾರದಿಂದ ಚಿಂತೆ. ಇಲ್ಲಿ ಒಬ್ಬ ಹೆಂಗಸು ಎರಡನ್ನೂ ತೂಗಿ ನೋಡಿ ನಿಜ ಹೇಳುತ್ತಾಳೆ ಎಂದು ಶಾಲೆಯಲ್ಲಿ ಯಾರೋ ಹೇಳಿದ್ದರಂತೆ. ನಿಜ ಎಂಬ ಮಾತಿಗೆ ಪೊಕುವಾ ಗಾಜಿನ ಮೇಲಿನ ಧೂಳು ಒರೆಸತೊಡಗಿದಳು. ಅವನು ಅಷ್ಟರಲ್ಲೇ ಗೋಡೆಯ ಮೇಲಿನ ರಟ್ಟನ್ನು ಕಂಡುಕೊಂಡಿದ್ದ.

ಆ ರಟ್ಟು ಬೀದಿಗೆಲ್ಲ ಹೆಸರುವಾಸಿ. ಟಿವಿ ಬಂದಿದ್ದ ಡಬ್ಬದ ಒಂದು ಮಗ್ಗುಲನ್ನು ಕತ್ತರಿಸಿ, ನಡುವೆ ಗೆರೆ ಎಳೆದು, ಎಡಕ್ಕೆ ಫೋನು ಬಲಕ್ಕೆ ವಾಚು ಎಂದು ಪೊಕುವಾ ತನ್ನ ಕೈಯಾರೆ ಬರೆದದ್ದು. ಬೇರೆ ಅಂಗಡಿಯವರೂ ಬಂದು ಫೋಟೋ ಹೊಡೆದುಕೊಂಡು ಹೋಗಿದ್ದರು. ಮೇಷ್ಟರು ಬೆರಳಿಟ್ಟು, ತರಗತಿಯಲ್ಲಿ ಓದಿಸುವವನಂತೆ, ಗಟ್ಟಿಯಾಗಿ ಓದತೊಡಗಿದ. ಬ್ಯಾಟರಿ, ಫೋನು ಒಂದು ದಿನ, ವಾಚು ಏಳು ದಿನ. ಪರದೆ, ಫೋನು ಅಂಗೈ, ವಾಚು ಬಿಸ್ಕತ್ತು. ನೀರು, ಫೋನು ಹೆದರುತ್ತದೆ, ವಾಚು ಹೆದರುವುದಿಲ್ಲ. ಕಳ್ಳ, ಫೋನಿಗೆ ಕಿಸೆಯಲ್ಲಿ ಕೈ ಹಾಕುತ್ತಾನೆ, ವಾಚಿಗೆ ಕೈ ಹಿಡಿಯಬೇಕಾಗುತ್ತದೆ. ಇಲ್ಲಿ ಅವನು ನಕ್ಕ. ಎಲ್ಲರೂ ಇಲ್ಲಿ ನಗುತ್ತಿದ್ದರು. ಗುಂಡಿಗೆಯ ಬಡಿತ, ಫೋನಿಗೆ ಗೊತ್ತಿಲ್ಲ, ವಾಚಿಗೆ ಗೊತ್ತು. ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ: ವಾಚು ಕೈಯಲ್ಲಿದ್ದರೆ ಫೋನು ಎಲ್ಲಿದ್ದರೂ ಚಿಂತೆಯಿಲ್ಲ. ಈ ಕೊನೆಯ ಸಾಲನ್ನು ಅಳಿಸಬೇಕೆಂದು ಅವಳು ಎಷ್ಟೋ ಸಲ ಕುರ್ಚಿ ಹತ್ತಿದ್ದಳು. ಹತ್ತಿದಾಗೆಲ್ಲ ಅನ್ನಿಸುತ್ತಿತ್ತು, ಇದನ್ನು ಈಗ ಅಳಿಸಿದರೆ ಯಾಕೆ ಅಳಿಸಿದೆ ಎಂದು ಯಾರಾದರೂ ಕೇಳುತ್ತಾರೆ. ವಾಚನ್ನು ಕೈಯಿಂದ ಬಿಚ್ಚದೆ ಇದ್ದದ್ದೂ ಅದಕ್ಕೇ.

ಕೇಳಬೇಕಾದ್ದನ್ನು ಕುಲದವರು ಒಂದು ಸಲ ಕೇಳಿದ್ದರು. ಡುಫಿಯೆಯನ್ನು ಮಣ್ಣು ಮಾಡಿ ಬಂದ ಎಂಟನೆಯ ದಿನ, ಸೋದರಮಾವ ನಾನಾ ಬೊನ್ಸು, ಕುಲಕ್ಕೆಲ್ಲ ಹಿರಿಯ, ಎಲ್ಲರೂ ಗೌರವಕ್ಕೆ ನಾನಾ ಎಂದು ಕರೆಯುವವರು, ಕಪ್ಪು ಬಟ್ಟೆ ಹೊದ್ದು ಅಂಗಳದ ಮರದ ಕೆಳಗೆ ಕೂತು, ತಂಗಿಯ ಫೋನನ್ನು ಪೊಕುವಾಳ ಕೈಗೆ ಕೊಟ್ಟಿದ್ದರು. ಸಾಯುವಾಗ ಅದು ಅವಳ ಮುಷ್ಟಿಯಲ್ಲಿತ್ತಂತೆ. ಉಸಿರು ಕಟ್ಟಿದವಳಿಗೆ ಕೂಗಲು ಆಗುವುದಿಲ್ಲ, ಆದರೆ ಬೆರಳಲ್ಲಿ ಒತ್ತಲು ಆಗುತ್ತದೆ. ಯಾರನ್ನು ಒತ್ತಿದ್ದಾಳೆ? ಪಕ್ಕದ ಕೋಣೆಯಲ್ಲಿದ್ದ ಮುಮುನಿಯನ್ನೇ ಇರಬೇಕು ಎಂದು ಎಲ್ಲರ ಮಾತು. ಮುಮುನಿ ಬಡಗಣ ಸೀಮೆಯಿಂದ ಬಂದವನು, ಮೂರು ಚಕ್ರದ ಗಾಡಿ ಓಡಿಸುವವನು. ಕುಲದ ಮನೆಯ ಹಿತ್ತಿಲ ಕೋಣೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಬಾಡಿಗೆಗಿದ್ದವನು. ಡುಫಿಯೆಗೆ ಉಬ್ಬಸ ಬಂದಾಗ ಆಸ್ಪತ್ರೆಗೆ ಕರೆದೊಯ್ಯಬೇಕೆಂಬ ಮಾತಿನ ಮೇಲೆಯೇ ಅವನಿಗೆ ಆ ಕೋಣೆ ಕೊಟ್ಟದ್ದು. ಆ ಮಧ್ಯಾಹ್ನ ಅವನು ಗೋಡೆಯಾಚೆ ಗಾಡಿ ತೊಳೆಯುತ್ತಿದ್ದ. ನನಗೆ ಯಾವ ಕರೆಯೂ ಬರಲಿಲ್ಲ ಎಂದು ಅವನು, ಬಂದರೂ ಎತ್ತಲಿಲ್ಲ, ಅನ್ಯ ಊರಿನವನಿಗೆ ನಮ್ಮ ಹೆಣ್ಣಿನ ಜೀವ ಯಾವ ಲೆಕ್ಕ ಎಂದು ಇವರು. ತನ್ನ ಫೋನು ತೋರಿಸಿದರೆ, ಅಳಿಸಿಹಾಕಿದ್ದಾನೆ ಎಂದರು. ನಾನಾ ಬೊನ್ಸು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ‘ನೀನು ಫೋನಿನ ಕಸುಬಿನವಳು. ತೆಗೆದು ನೋಡಿ ಹೇಳು ಮಗಳೇ, ಯಾರಿಗೆ ಮಾಡಿದ್ದಳು?’ ಎಂದರು.

ಚುಕ್ಕಿಗಳ ಮೇಲೆ ಬೆರಳೆಳೆದು ತೆರೆಯುವ ಬೀಗ. ಅದನ್ನು ಹಾಕಿಕೊಟ್ಟವಳು ಪೊಕುವಾಳೇ. ಮೇಲಿಂದ ಕೆಳಕ್ಕೆ, ಅಲ್ಲಿಂದ ಅಡ್ಡ, ಅಷ್ಟೇ, ಮರೆಯಬೇಡ ಎಂದು ತಂಗಿಯ ಬೆರಳು ಹಿಡಿದು ಮೂರು ಸಲ ಎಳೆಸಿದ್ದಳು. ಅಂಗಳದಲ್ಲಿ ಅಷ್ಟು ಜನರೆದುರು ಆ ಫೋನು ಅವಳ ಅಂಗೈಯಲ್ಲಿ ಬೆಚ್ಚಗಿತ್ತು, ನಾನಾ ಅವರು ಬಹಳ ಹೊತ್ತು ಹಿಡಿದುಕೊಂಡಿದ್ದರಿಂದ. ಮುಮುನಿ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ನಿಂತಿದ್ದ, ಅವಳನ್ನೇ ನೋಡುತ್ತ. ಅವಳು ತಪ್ಪಾದ ಗೆರೆ ಎಳೆದಳು. ಇನ್ನೊಂದು ಸಲ ತಪ್ಪಾಗಿ ಎಳೆದಳು. ಆಗುವುದಿಲ್ಲ ನಾನಾ, ಇದು ಸತ್ತವರ ಜೊತೆಗೇ ಮುಚ್ಚಿಹೋಗುವಂಥ ಬೀಗ, ಬಲವಂತ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಕುಮಾಸಿಗೆ ತೆಗೆದುಕೊಂಡು ಹೋಗಿ ನೋಡುತ್ತೇನೆ ಎಂದಳು. ಗಂಡಸರು ತಲೆಯಾಡಿಸಿದರು. ಕಸುಬಿನವಳ ಮಾತು. ಅದೇ ದಿನ ಡ್ರೈವರ್ ತಾಚಿ, ಪೊಕುವಾಳ ಕರೆಗೆ ಹಿಂದೊಮ್ಮೆ ಡುಫಿಯೆಯನ್ನು ಹತ್ತೇ ನಿಮಿಷದಲ್ಲಿ ಆಸ್ಪತ್ರೆಗೆ ಮುಟ್ಟಿಸಿದ್ದವನು, ಹತ್ತಿರ ಬಂದು ಸಮಾಧಾನಕ್ಕೆಂದು ಹೇಳಿದ್ದ, ಆವತ್ತು ಮಾಂಪೊಂಗ್ ಸ್ಟ್ಯಾಂಡಿನಲ್ಲೇ ಇದ್ದೆ ಆಂಟಿ, ಖಾಲಿ ಗಾಡಿ, ಯಾರಾದರೂ ಒಂದು ಮಾತು ಹೇಳಿದ್ದರೆ. ಅವಳು ಅವನ ತೋಳು ತಟ್ಟಿ ನೀರು ಕುಡಿದೆಯಾ ಎಂದು ಕೇಳಿದಳು.

‘ಗುಂಡಿಗೆ ಬಡಿತ ವಾಚಿಗೆ ಗೊತ್ತು ಅಂತ ಬರೆದಿದೀರಲ್ಲ ಆಂಟಿ,’ ಎಂದ ಮೇಷ್ಟರು. ‘ಅಷ್ಟು ಸಾಕು ನಂಗೆ. ವಾಚೇ ಕೊಡಿ.’

ಪೊಕುವಾ ಗಾಜಿನೊಳಗಿಂದ ವಾಚಿನ ಡಬ್ಬಿ ತೆಗೆಯಲು ಕೈ ಹಾಕಿದಳು. ಕೈ ಅದರ ಪಕ್ಕದ ಫೋನಿನ ಮೇಲೆ ಹೋಗಿ ಕೂತಿತು. ಕೆಲವು ಸಾರಿ ಮಾತು ಹೊರಡುವ ಮುಂಚೆ ಕೈ ಹೊರಟುಬಿಡುತ್ತದೆ.

‘ವಾಚು ಬೇಡ ಮೇಷ್ಟ್ರೇ. ಫೋನ್ ತಗೊಳಿ. ಸಂತೇಲೂ ಕೇಳ್ಸೋ ಅಂಥದ್ದು, ದೊಡ್ಡ ಸದ್ದಿಂದು.’

‘ಯಾಕೆ, ಇದನ್ನ ಕೊಳ್ಳೋ ಶಕ್ತಿ ಇಲ್ಲ ಅನ್ನಿಸ್ತಾ ನನ್ನ ನೋಡಿ?’

ಅವನ ಕಿವಿಯ ತುದಿ ಕೆಂಪಾಗಿತ್ತು. ಅವಳು ಹಾಗಲ್ಲ ಎಂದು ಹೇಳಲು ಹೋಗಿ ತೊದಲಿದಳು. ಈ ವಾಚೆನ್ನುವುದು ಫೋನಿನ ಬಾಲವಿದ್ದ ಹಾಗೆ, ಫೋನು ಬಿಟ್ಟು ಇಪ್ಪತ್ತು ಹೆಜ್ಜೆ ಹೋದರೆ ಇದು ಬರಿಯ ಗಡಿಯಾರ ಎಂದಳು. ಅಷ್ಟು ನನಗೂ ಗೊತ್ತು ಎಂದ ಅವನು. ಅಲ್ಲ, ಪೂರ್ತಿ ದೂರ ಹೋದರೆ ಪರವಾಗಿಲ್ಲ, ಪೂರ್ತಿ ಹತ್ತಿರವಿದ್ದರೂ ಪರವಾಗಿಲ್ಲ, ನಡುವೆ ಒಂದು ಜಾಗವಿದೆ ಎಂದಳು.

‘ಅಲ್ಲಿ ಕೂತಿದ್ರೆ ಒಂದ್ಸಲ ಅಲ್ಲಾಡುತ್ತೆ, ಆಮೇಲೆ ಸುಮ್ಮನಾಗುತ್ತೆ. ಒಡಹುಟ್ಟಿದವಳು ಪ್ರಾಣ ಹೋಗೋ ಹಾಗೆ ಕರೀತಿದ್ರೂ, ಬರೀ ಮಿಸ್ ಕಾಲ್ ಕೊಟ್ಟಳು, ಚೆನ್ನಾಗಿದಾಳೆ ಅಂದ್ಕೊಳ್ತೀವಿ.’

‘ಯಾರಿಗಾದ್ರೂ ಹಾಗಾಗಿದ್ಯಾ?’

‘ನಂಗೇ ಆಗಿದೆ.’

ಹೇಳಿಬಿಟ್ಟಿದ್ದಳು. ಎದೆ ಹಗುರವಾಗಲಿಲ್ಲ. ಬೀದಿಯಲ್ಲಿ ಒಂದು ವ್ಯಾನು ಹಾರನ್ನು ಹೊಡೆಯುತ್ತ ಹೋಯಿತು. ಎದುರಿನ ಅಂಗಡಿಯ ಹಾಡು ಹಾಗೇ ನಡೆದಿತ್ತು. ಮೇಷ್ಟರು ಅವಳ ಮುಖ ನೋಡಲಿಲ್ಲ, ಕೈ ನೋಡಿದ. ‘ಮತ್ತೆ ನೀವು ಕಟ್ಕೊಂಡಿದೀರಲ್ಲ?’ ಎಂದ. ಕೇಳಿದ್ದರಲ್ಲಿ ಕುಹಕವಿರಲಿಲ್ಲ, ತರಗತಿಯಲ್ಲಿ ಲೆಕ್ಕ ತಪ್ಪಿದ್ದನ್ನು ತೋರಿಸುವ ಹಾಗಿತ್ತು. ಅವನು ಯೋಚಿಸಿ ಬರುತ್ತೇನೆ ಎಂದು ಹೇಳಿ ಹೊರಟ. ಸ್ವಲ್ಪ ಹೊತ್ತಿಗೆ ಮೂರನೆಯ ಅಂಗಡಿಯಿಂದ ಅವನು ಹೊರಗೆ ಬರುವುದು ಕಂಡಿತು. ಕೈಯಲ್ಲಿ ವಾಚಿನ ಚೌಕದ ಡಬ್ಬಿ ಹಿಡಿದಿದ್ದ. ಅವಳ ಅಂಗಡಿಯ ಮುಂದೆ ಹಾದುಹೋಗುವಾಗ ಆ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ.

ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ಅರ್ಧ ಹೇಳಿದ್ದನ್ನು ಯಾರು ನಂಬುತ್ತಾರೆ, ಕೈಯಲ್ಲಿ ಅದನ್ನೇ ಕಟ್ಟಿಕೊಂಡು ನಿಂತವಳ ಮಾತನ್ನು. ಸ್ಟೂಲಿನ ಮೇಲೆ ಕೂತು ಕೆಳಗಿನ ಖಾನೆ ಎಳೆದಳು. ಡುಫಿಯೆಯ ಫೋನು ಅಲ್ಲಿ ಒಂದು ಹಳದಿ ಬಟ್ಟೆಯ ಮೇಲೆ ಮಲಗಿತ್ತು. ಪ್ರತಿ ಸೋಮವಾರ ಅವಳು ಅದಕ್ಕೆ ಚಾರ್ಜು ಹಾಕುತ್ತಿದ್ದಳು. ಯಾಕೆಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ತೆರೆದು ನೋಡಿದ್ದು ಒಂದೇ ಸಲ, ಊರಿಂದ ಬಂದ ದಿನ. ಅಕ್ಕ, ಅಕ್ಕ, ಅಕ್ಕ ಎಂದು ಮೂರು ಸಾಲು, ಅದರ ಮೇಲೆ ಏನೂ ಇಲ್ಲ. ಮೂರನೆಯ ಕರೆಯಾದ ಮೇಲೆ ಡುಫಿಯೆ ಮುಮುನಿಗೆ ಮಾಡಬಹುದಿತ್ತು. ಗೋಡೆಯಾಚೆ ನೀರು ಸುರಿಯುವ ಸದ್ದು ಅವಳಿಗೆ ಕೇಳಿಸುತ್ತಲೂ ಇದ್ದಿರಬೇಕು. ಮಾಡಲಿಲ್ಲ. ಅಕ್ಕ ನೋಡಿದ ಕೂಡಲೆ ಮಾಡುತ್ತಾಳೆ, ತಾಚಿಯನ್ನು ಕಳಿಸುತ್ತಾಳೆ, ಯಾವತ್ತೂ ತಪ್ಪಿಸಿದವಳಲ್ಲ ಎಂದು ಫೋನನ್ನು ಮುಷ್ಟಿಯಲ್ಲಿ ಹಿಡಿದು ಕಾದಿದ್ದಾಳೆ. ಆ ಕಾದದ್ದು ಎಷ್ಟು ಹೊತ್ತು ಎಂಬುದು ಮಾತ್ರ ಯಾವ ಫೋನಿನಲ್ಲೂ ಬರೆದಿರಲಿಲ್ಲ.

ಮುಮುನಿ ಎರಡು ತಿಂಗಳ ಹಿಂದೆ ಇದೇ ಸ್ಟೂಲಿನ ಎದುರು ನಿಂತಿದ್ದ. ಮೂರು ದಪ್ಪ ಗೆಣಸಿನ ಗೆಡ್ಡೆಗಳನ್ನು ಗೋಣಿಯಲ್ಲಿ ಸುತ್ತಿ ತಂದಿದ್ದ. ಅವನ ಊರಿನ ಗೆಣಸು, ಒಳ್ಳೆಯದು. ಆಂಟಿ, ಆ ಫೋನನ್ನು ತೆರೆಯುವವರು ಅಕ್ರಾದಲ್ಲಾದರೂ ಯಾರಾದರೂ ಇದ್ದರೆ ಹೇಳಿ, ಖರ್ಚು ನಾನು ನೋಡಿಕೊಳ್ಳುತ್ತೇನೆ ಎಂದು ಕೇಳಿದ್ದ. ಒಂದು ವರ್ಷದ ಕರ್ಮ ಮುಗಿದ ದಿನವೇ ಕೋಣೆ ಬಿಡಬೇಕೆಂದು ನಾನಾ ಹೇಳಿದ್ದಾರೆ. ಕೋಣೆ ಹೋದರೆ ಹೋಗಲಿ, ಆದರೆ ಸ್ಟ್ಯಾಂಡಿನಲ್ಲಿ ನನ್ನ ಗಾಡಿ ಯಾರೂ ಹತ್ತುತ್ತಿಲ್ಲ, ಸಾಯುವವಳ ಫೋನು ಎತ್ತದವನು ಎಂದು ನನ್ನ ಮಗಳಿಗೆ ಶಾಲೆಯಲ್ಲಿ ಹೇಳುತ್ತಾರೆ ಎಂದಿದ್ದ. ಪ್ರಯತ್ನ ಮಾಡುತ್ತಿದ್ದೇನೆ ಎಂದಳು ಪೊಕುವಾ. ಅವನ ಫೋನಿನ ಒಡೆದ ಗಾಜಿಗೆ ಹೊಸ ಹಾಳೆ ಅಂಟಿಸಿ, ಗುಳ್ಳೆ ಬಾರದ ಹಾಗೆ ಉಜ್ಜಿ ಉಜ್ಜಿ, ಪುಕ್ಕಟೆ ಕೊಟ್ಟಳು. ಅವನು ಎರಡೂ ಕೈ ಜೋಡಿಸಿ ಬಗ್ಗಿದ. ಗೆಣಸನ್ನು ಅವಳು ಬೇಯಿಸಿ ತಿಂದಳು. ರುಚಿಯಾಗಿತ್ತು. ರುಚಿಯಾಗಿತ್ತು ಎಂಬುದು ಅವಳಿಗೆ ಈಗಲೂ ನಾಲಿಗೆಯ ಮೇಲೆ ನೆನಪಿದೆ. ಕರ್ಮ ಈ ಶನಿವಾರ. ಇವತ್ತು ಗುರುವಾರ.

ಖಾನೆಯಲ್ಲಿ ಫೋನಿನ ಪಕ್ಕ ಒಂದು ಖಾಲಿ ವಾಚಿನ ಡಬ್ಬಿ. ಅದರೊಳಗೆ ನಾನಾ ಬೊನ್ಸುಗೆ ಬರೆದ ಪತ್ರ. ಎಂಟು ತಿಂಗಳಾಗಿತ್ತು ಬರೆದು. ಫೋನಿನಲ್ಲಿ ಹೇಳುವಂಥ ಮಾತಲ್ಲ. ಎದುರು ನಿಂತು ಹೇಳಲು ಬಾಯಿ ಬರುವುದಿಲ್ಲ. ಬಿಡಿಸಿದರೆ ನಾಲ್ಕು ಹಾಳೆ. ಓದುತ್ತ ಓದುತ್ತ ಅವಳಿಗೆ ಮೈ ಹಿಡಿಯಾದಂತಾಯಿತು. ವಾಚಿನ ಗುಣವೇನು, ಫೋನಿನ ಗುಣವೇನು, ವಾಚು ಎಷ್ಟು ದೂರಕ್ಕೆ ಕೇಳಿಸಿಕೊಳ್ಳುತ್ತದೆ, ನಡುವೆ ತಗಡಿನ ಗೋಡೆ ಬಂದರೆ ಏನಾಗುತ್ತದೆ, ಬಿಟ್ಟುಹೋದ ಕರೆಯನ್ನು ಫೋನು ನೆನಪಿಸುತ್ತದೆ ವಾಚು ನೆನಪಿಸುವುದಿಲ್ಲ, ಇದನ್ನು ತಯಾರಿಸಿದವರು ಡಬ್ಬಿಯೊಳಗಿನ ಹಾಳೆಯಲ್ಲಿ ಬರೆಯಬೇಕಿತ್ತು, ಬರೆದಿಲ್ಲ. ಗೋಡೆಯ ಮೇಲಿನ ರಟ್ಟನ್ನೇ ಇನ್ನಷ್ಟು ಉದ್ದ ಮಾಡಿ ಬರೆದಂತಿತ್ತು. ಎಡಕ್ಕೆ ಒಂದಿಷ್ಟು ತಪ್ಪು, ಬಲಕ್ಕೆ ಒಂದಿಷ್ಟು. ನಾಲ್ಕು ಹಾಳೆಯಲ್ಲಿ ಹುಡುಕಿದರೂ ಬರೆದವಳು ಎಲ್ಲೂ ಇರಲಿಲ್ಲ. ಮುಮುನಿಯ ಹೆಸರು ಒಂದೇ ಕಡೆ ಬಂದಿತ್ತು, ಅದೂ ಕೊನೆಯ ಹಾಳೆಯ ಬೆನ್ನಿಗೆ.

ಫೊರಿವಾ ಬಟ್ಟಲು ಹಿಡಿದು ಒಳಗೆ ಬಂದಳು. ನಡುಬೆರಳಿಗೆ ಬಟ್ಟೆಯ ಚಿಂದಿ ಸುತ್ತಿಕೊಂಡಿದ್ದಳು. ಎಂದೂ ಹೀಗೆ ತಂದುಕೊಟ್ಟವಳಲ್ಲ; ಊಟಕ್ಕೆ ಪೊಕುವಾಳೇ ಹೋಗುತ್ತಿದ್ದಳು. ಬಟ್ಟಲನ್ನು ಗಾಜಿನ ಮೇಲಿಟ್ಟು, ಹಾಳೆಗಳನ್ನೂ ಹಳದಿ ಬಟ್ಟೆಯ ಮೇಲಿನ ಫೋನನ್ನೂ ನೋಡಿ, ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಸಾರಿನ ಮೇಲೆ ಎಣ್ಣೆ ಕೆಂಪಗೆ ತೇಲುತ್ತಿತ್ತು.

‘ಆ ಮೇಷ್ಟ್ರಿಗೆ ಹೇಳಿದ್ದು ಕೇಳಿಸ್ತು,’ ಎಂದಳು. ‘ಬಟ್ಟಲು ತರ್ತಾ ಇದ್ದೆ, ಬಾಗಿಲಿಂದಾನೇ ವಾಪಸ್ ಹೋದೆ.’

ಪೊಕುವಾ ಹಾಳೆಗಳನ್ನು ಮಡಚತೊಡಗಿದಳು.

‘ಆವತ್ತು ನಾನು ಯಾರೇ ಅದು ಅಂತ ಕೇಳ್ದೆ. ತಂಗಿ, ಚೆನ್ನಾಗಿದಾಳೆ ಅಂದೆ ನೀನು. ಅಂದು ಇನ್ನೊಂದು ತುಂಡು ಮಾಂಸ ಹಾಕಿಸ್ಕೊಂಡೆ.’

ಇನ್ನೊಂದು ತುಂಡು. ಅದು ಪೊಕುವಾಳಿಗೆ ಮರೆತೇಹೋಗಿತ್ತು. ಸಮಯ, ಬೆಂಚು, ಚರಂಡಿ, ಪರದೆಯ ಮೇಲಿನ ಹೆಸರು ಎಲ್ಲವನ್ನೂ ವರ್ಷವಿಡೀ ತಿರುವಿ ತಿರುವಿ ನೋಡಿದ್ದಳು, ಇದೊಂದು ಎಲ್ಲಿ ಜಾರಿಹೋಗಿತ್ತೋ. ಮೇಕೆಯ ಪಕ್ಕೆಲುಬಿನ ತುಂಡು. ಎಲುಬನ್ನು ಚೀಪುವಾಗ ಎರಡು ಹದಿಮೂರು ಆಗಿರಬೇಕು. ಕೈ ತೊಳೆಯುವಾಗ ಎರಡು ಹದಿನಾರು. ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದಳು. ಮಣ್ಣಿಗೆ ಹೋಗಿ ಬಂದ ದಿನದಿಂದ ಎಂದಳು ಫೊರಿವಾ. ಎಷ್ಟು ಹೊತ್ತಿಗೆ ಹೋದಳು ಎಂದು ಅಲ್ಲಿ ಯಾರೋ ಹೇಳಿದ್ದು ಕೇಳಿ ಲೆಕ್ಕ ಹಾಕಿದೆ. ನೀನೇ ಹೇಳುತ್ತೀಯ ಎಂದು ಕಾದೆ. ದಿನಾ ನಿನ್ನ ಒನಕೆ ಕೆಳಗೆ ಕೈ ಇಡುತ್ತೇನೆ, ಕೇಳುವ ಧೈರ್ಯ ಬರಲಿಲ್ಲ. ಇಷ್ಟು ಹೇಳಿ ಎದ್ದಳು. ಬಾಗಿಲಲ್ಲಿ ನಿಂತು, ಬೇರೆ ಯಾವುದೋ ಮಾತಿನಂತೆ, ‘ಮಾಂಪೊಂಗ್ ಗಾಡಿ ಮೂರಕ್ಕೆ ತುಂಬುತ್ತೆ. ನಾನು ಬಾಗಿಲು ನೋಡ್ಕೋತೀನಿ. ಮೊದ್ಲು ಉಣ್ಣು,’ ಎಂದಳು.

ಪೊಕುವಾ ಉಣ್ಣಲಿಲ್ಲ. ನಾಲ್ಕು ಹಾಳೆಗಳನ್ನು ಹರಿದು ಕಸದ ಡಬ್ಬಿಗೆ ಹಾಕಿದಳು. ರಸೀದಿ ಪುಸ್ತಕದಿಂದ ಒಂದು ಹಾಳೆ ಕಿತ್ತು, ತಿರುವಿ, ಖಾಲಿ ಮಗ್ಗುಲಲ್ಲಿ ಬರೆದಳು. ನಾನಾ ಅವರಿಗೆ ಕಣ್ಣು ಸಾಲದು. ಚರ್ಚಿನ ಹಿರಿಯರು ಗಟ್ಟಿಯಾಗಿ ಓದಿ ಹೇಳುತ್ತಾರೆ, ಅಂಗಳದಲ್ಲಿ ಕೂತವರೆಲ್ಲ ಕೇಳುತ್ತಾರೆ. ಅದು ಗೊತ್ತಿದ್ದೇ ಒಂದೊಂದು ಅಕ್ಷರವನ್ನೂ ದಪ್ಪವಾಗಿ ಬರೆದಳು. ‘ನಾನಾ, ಡುಫಿಯೆ ಮುಮುನಿಗೆ ಫೋನು ಮಾಡಲಿಲ್ಲ. ನನಗೆ ಮಾಡಿದಳು, ಮೂರು ಸಲ. ನಾನು ಊಟ ಮಾಡುತ್ತಿದ್ದೆ. ಫೋನು ತೆರೆಯಲಾಗುವುದಿಲ್ಲ ಎಂದು ಹೇಳಿದ್ದು ಸುಳ್ಳು. ಬೀಗ ತೆಗೆದು ಕಳಿಸಿದ್ದೇನೆ, ಯಾರು ಬೇಕಾದರೂ ನೋಡಬಹುದು. ಮುಮುನಿಯ ಎದುರಿಗೇ ಇದನ್ನು ಓದಿಸಿ. ಶನಿವಾರ ಬರುತ್ತೇನೆ. ಎಲ್ಲಿ ಕೂರಿಸುತ್ತೀರೋ ಅಲ್ಲಿ ಕೂರುತ್ತೇನೆ.’ ಹೆಸರು ಬರೆದಳು. ಎಲ್ಲಿ ಕೂರಿಸುತ್ತೀರೋ ಎಂಬ ಮಾತನ್ನು ಇನ್ನೊಮ್ಮೆ ನೋಡಿದಳು. ಕುಲದ ಹೆಂಗಸರ ಮುಂದಿನ ಸಾಲಿನಲ್ಲಿ, ಸತ್ತವಳ ಅಕ್ಕ ಎಂದು, ಅವಳಿಗೊಂದು ಕುರ್ಚಿಯಿತ್ತು. ಕರ್ಮಕ್ಕೆಂದು ಹೊಲಿಸಿದ್ದ ಬಿಳಿ ಕಪ್ಪು ಬಟ್ಟೆ ಮನೆಯಲ್ಲಿ ಇಸ್ತ್ರಿಯಾಗಿ ನೇತಾಡುತ್ತಿತ್ತು.

ತಂಗಿಯ ಫೋನಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಕ್ಕೆ, ಅಲ್ಲಿಂದ ಅಡ್ಡ ಎಳೆದಳು. ತೆರೆಯಿತು. ಬೀಗ ತೆಗೆಯುವ ಜಾಗಕ್ಕೆ ಹೋಗಿ ತೆಗೆದಳು. ದಾರಿಯಲ್ಲಿ ಗಾಜು ಒಡೆಯಬಾರದಲ್ಲ, ಸುತ್ತಲು ಏನಾದರೂ ಗಟ್ಟಿಯಾದದ್ದು ಬೇಕಾಗಿತ್ತು. ಕುರ್ಚಿ ಹತ್ತಿ ಗೋಡೆಯ ರಟ್ಟನ್ನು ಇಳಿಸಿ, ಎರಡಾಗಿ ಮಡಚಿ, ನಡುವೆ ಫೋನನ್ನೂ ಪತ್ರವನ್ನೂ ಇಟ್ಟು, ಹಳದಿ ಬಟ್ಟೆ ಸುತ್ತಿ, ಟೇಪು ಅಂಟಿಸಿದಳು. ಆಮೇಲೆ ವಾಚು ಬಿಚ್ಚಿ ಖಾನೆಯೊಳಗೆ ಹಾಕಿದಳು. ಮಣಿಕಟ್ಟಿನ ಸುತ್ತ ಚರ್ಮ ತಿಳಿಯಾಗಿ, ಬೇರೆ ಯಾರದೋ ಕೈಯ ಹಾಗೆ ಕಂಡಿತು. ಸದ್ದು ಮುಚ್ಚಿದ್ದ ತನ್ನ ಫೋನಿಗೆ ಸದ್ದು ಕೊಟ್ಟು ಕುಪ್ಪಸದೊಳಗೆ ಸೇರಿಸಿಕೊಂಡಳು.

ಕೆಜೇತಿಯಾ ಸ್ಟ್ಯಾಂಡಿನವರೆಗೆ ನಡೆದೇ ಹೋದಳು. ಈ ಹೆಜ್ಜೆಗಳನ್ನು ಯಾರೂ ಎಣಿಸುತ್ತಿರಲಿಲ್ಲ. ತಲೆಯ ಮೇಲೆ ನೀರಿನ ಪೊಟ್ಟಣ ಹೊತ್ತ ಹೆಂಗಸರು, ಹಳೆಯ ಷರ್ಟುಗಳ ಗುಡ್ಡೆ, ಮೈಕಿನಲ್ಲಿ ಇಲಿ ಪಾಷಾಣ ಮಾರುವವನ ಕೂಗು, ಯಾವುದೂ ಮೈಗೆ ತಾಗಲಿಲ್ಲ. ಮಾಂಪೊಂಗ್ ಸಾಲಿನಲ್ಲಿ ತಾಚಿಯದೇ ವ್ಯಾನು ನಿಂತಿತ್ತು. ಒಂದೇ ಸೀಟು ಬಾಕಿ ಎಂದು ಕೂಗುತ್ತಿದ್ದರು. ಆ ಸೀಟು ಅವಳದೇ ಎಂದುಕೊಂಡು ತಾಚಿ ಗಾಡಿಯ ಮೆಟ್ಟಿಲು ಒರೆಸಿದ. ಇವತ್ತಲ್ಲ, ಶನಿವಾರ ಎಂದು ಅವಳು ಪೊಟ್ಟಣ ಮುಂದೆ ಚಾಚಿದಳು. ನಾನಾ ಬೊನ್ಸು ಅವರ ಕೈಗೇ ಕೊಡಬೇಕು, ಮನೆಯವರ ಕೈಗಲ್ಲ. ಅವನು ತೂಕ ನೋಡಿ, ಫೋನಾ ಆಂಟಿ ಎಂದ. ಡುಫಿಯೆಯದು ಎಂದಳು. ಅವನ ಮುಖದ ನಗು ನಿಂತಿತು. ತೆರೆಯಿತಾ ಎಂದು ಕೇಳಿದ. ತೆರೆಯಿತು ಎಂದಳು. ಇವತ್ತು ಸಂಜೆಯೇ ಊರಿಗೆಲ್ಲ ಗೊತ್ತಾಗುತ್ತದೆ, ಇವನಿಗೂ ಗೊತ್ತಾಗುತ್ತದೆ, ಖಾಲಿ ಗಾಡಿ ಇಟ್ಟುಕೊಂಡು ಕಾದಿದ್ದವನಿಗೆ. ಇನ್ನು ಮುಂದೆ ಇವನು ಅವಳಿಗಾಗಿ ಮೆಟ್ಟಿಲು ಒರೆಸಲಿಕ್ಕಿಲ್ಲ.

ಡೊಳ್ಳು ಹೊಟ್ಟೆಯವನೊಬ್ಬ ಓಡಿಬಂದು ಉಳಿದ ಸೀಟು ಹತ್ತಿದ. ಬಾಗಿಲು ಎರಡು ಸಲ ಎಳೆದ ಮೇಲೆ ಮುಚ್ಚಿತು. ತಾಚಿ ಪೊಟ್ಟಣವನ್ನು ಸ್ಟಿಯರಿಂಗಿನ ಹಿಂದೆ, ಗಾಜಿನ ಕೆಳಗೆ ಇಟ್ಟು, ಅದು ಜಾರದ ಹಾಗೆ ತನ್ನ ಟವೆಲ್ಲನ್ನು ಅಡ್ಡ ಕೊಟ್ಟು, ಕಿಟಕಿಯಿಂದ ತಲೆ ಹೊರಗೆ ಹಾಕಿದ.

‘ಮುಟ್ಟಿದ ತಕ್ಷಣ ಒಂದು ಮಿಸ್ ಕಾಲ್ ಕೊಡ್ತೀನಿ ಆಂಟಿ.’

‘ಮಿಸ್ ಕಾಲ್ ಬೇಡ ತಾಚಿ,’ ಎಂದಳು ಪೊಕುವಾ. ಕಿಟಕಿಯ ಅಂಚನ್ನು ಹಿಡಿದುಕೊಂಡಿದ್ದಳು. ಗಾಡಿ ಆಗಲೇ ನಡುಗುತ್ತಿತ್ತು. ‘ನಾನು ಎತ್ತೋವರೆಗೂ ಬಾರಿಸು.’

ಅವನು ತಲೆಯಾಡಿಸಿದ. ಅವಳು ಕೈ ಬಿಟ್ಟಳು.